ಮಹಡಿ ಮನೆಯ ತುಪ್ಪ

ಮೆಟ್ಟಿಲ ಅರ್ಧಕ್ಕೆ ಬಂದವನು ಅಲ್ಲೇ ನಿಂತೆ. ಕೈಯಲ್ಲಿ ಕೇಕಿನ ಡಬ್ಬ ಇತ್ತು. ಮೇಲಿನ ಅಡುಗೆಮನೆಯಲ್ಲಿ ಬೆಣ್ಣೆ ಕಾಯಿಸುತ್ತಿದ್ದರು. ವೀಳ್ಯದೆಲೆ ಹಾಕಿದ ತುಪ್ಪದ ವಾಸನೆ. ಮನೆ ಅದೇ, ಮೆಟ್ಟಿಲು ಅದೇ, ವಾಸನೆಯೂ ಅದೇ. ಬೇರೆಯವರಿಗೆ ಆ ವಾಸನೆಗೆ ಹಸಿವಾಗುತ್ತದೆ. ನನಗೆ ಸುಸ್ತಾಗುತ್ತದೆ.

ನಾನು ಭದ್ರಾವತಿಯವನು. ಸ್ಕೂಲು ಅರ್ಧಕ್ಕೆ ಬಿಟ್ಟು ಬೇಕರಿ ಸೇರಿದವನು. ಬರೆದು ಅಭ್ಯಾಸವಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ನಮ್ಮ ಬೇಕರಿಗೆ ಬರುವ ಕಾಲೇಜು ಹುಡುಗರು ಕ್ರೊಸಾಂಟ್ ಇದೆಯಾ ಎಂದು ಕೇಳಲು ಶುರು ಮಾಡಿದ್ದರು. ಪದರ ಪದರವಾಗಿ ಬಿಚ್ಚಿಕೊಳ್ಳುವ ಬೆಣ್ಣೆ ಬನ್ನು ಅದು. ಫ್ರಾನ್ಸ್ ದೇಶದ್ದು. ನಮ್ಮ ಓನರ್ ಮನೆಮಾತು ತಮಿಳು. "ತಂಬಿ, ಶಿವಮೊಗ್ಗದಲ್ಲಿ ಯಾರೋ ಮೇಡಂ ಕಲಿಸ್ತಾರಂತೆ. ಹೋಗಿ ಕಲ್ತ್ಕೊಂಡ್ ಬಾ. ಕಲೀದೆ ಬಂದ್ರೆ ಮತ್ತೆ ಪಾತ್ರೆ ತೊಳಿಯೋಕೆ ಹಾಕ್ತೀನಿ" ಅಂದರು. ಬ್ಯಾಗು ತಗೊಂಡು ಬಸ್ಸು ಹತ್ತಿದೆ. ಪಕ್ಕದ ಊರೇ ಆದರೂ ಅದುವರೆಗೆ ನಾನು ಶಿವಮೊಗ್ಗದಲ್ಲಿ ಕಂಡಿದ್ದು ಬಸ್ ಸ್ಟ್ಯಾಂಡು ಮತ್ತು ದೊಡ್ಡಾಸ್ಪತ್ರೆ, ಅಷ್ಟೇ.

ಮೇಡಂ ಇದ್ದದ್ದು ರವೀಂದ್ರನಗರದಲ್ಲಿ, ಈ ಮನೆಯ ಕೆಳಭಾಗದಲ್ಲಿ, ಬಾಡಿಗೆಗೆ. ಊರು ಸಾಗರದ ಕಡೆ. ಪಾಂಡಿಚೇರಿಯ ಹೋಟೆಲೊಂದರಲ್ಲಿ ಈ ತಿಂಡಿಗಳನ್ನೆಲ್ಲ ಕಲಿತು, ಬಹಳ ಕಾಲ ಅಲ್ಲೇ ದುಡಿದು, ಬೇಜಾರಾಗಿ ಬಂದಿದ್ದರು. "ಅಲ್ಲಿ ನಾನು ಮಾಡೋದು, ಹೆಸರು ಇನ್ನೊಬ್ಬರದ್ದು" ಅನ್ನುತ್ತಿದ್ದರು. ಮಹಡಿಯಲ್ಲಿ ಮನೆಯ ಯಜಮಾನಿ ಅಜ್ಜಿ, ಅವರ ಮಗ, ಸೊಸೆ. ವಿಭೂತಿ ಹಚ್ಚದೆ ನೀರು ಕುಡಿಯದ ಅಜ್ಜಿ. ಮನೆ ಕೊಡುವಾಗ ಒಂದೇ ಮಾತು ಹೇಳಿದ್ದರಂತೆ, ಒಳಗೆ ಮೊಟ್ಟೆ ತರಬಾರದು. ಮೇಡಂ ಒಪ್ಪಿದ್ದರು. ಕ್ರೊಸಾಂಟಿನ ಮೇಲೆ ಮೊಟ್ಟೆ ಸವರುವ ಕಡೆ ಹಾಲು ಸವರುತ್ತಿದ್ದರು. ಮೊಟ್ಟೆ ಇಲ್ಲದೆ ಎಂಥ ಫ್ರೆಂಚು ಎಂದು ಕಲಿಯಲು ಸೇರಿದ್ದವರೆಲ್ಲ ಬಿಟ್ಟುಹೋದರು. ಉಳಿದವನು ನಾನೊಬ್ಬ.

ಕೆಲಸ ನೋಡಲು ಸುಲಭ. ಹಿಟ್ಟಿನ ಮಧ್ಯೆ ಬೆಣ್ಣೆಯ ಹಲಗೆ ಇಟ್ಟು ಮಡಚಬೇಕು, ಲಟ್ಟಿಸಬೇಕು, ಫ್ರಿಜ್ಜಿನಲ್ಲಿಡಬೇಕು. ಒಂದು ಗಂಟೆ ಬಿಟ್ಟು ಮತ್ತೆ ಮಡಚಬೇಕು. ಏಪ್ರಿಲ್ ಬಿಸಿಲಿಗೆ ಬೆಣ್ಣೆ ಕರಗಿದರೆ ಮುಗಿಯಿತು, ಪದರ ಬರುವುದಿಲ್ಲ. ನನಗೋ ಕಾಯುವುದೆಂದರೆ ಆಗದು. ಐದೈದು ನಿಮಿಷಕ್ಕೆ ಫ್ರಿಜ್ಜು ತೆಗೆದು ನೋಡುತ್ತಿದ್ದೆ. ಮೇಡಂಗೆ ಸಿಟ್ಟು ಬಂತು.

"ಏ ಮಾರಾಯ, ಅದೇನು ಹೆರಿಗೆ ವಾರ್ಡಾ, ಸಲಸಲಕ್ಕೆ ಇಣುಕೋಕೆ? ನಡಿ ಆಚೆ. ಊರು ಸುತ್ಕೊಂಡ್ ಬಾ. ಗಂಟೆ ಆಗೋವರೆಗೂ ಮುಖ ತೋರಿಸ್ಬೇಡ."

ಹಾಗೆ ನಾನು ಶಿವಮೊಗ್ಗ ನೋಡಿದ್ದು. ಹಿಟ್ಟು ತಣ್ಣಗಾಗುವಷ್ಟು ಹೊತ್ತು ಒಂದು ಕಡೆ, ಮತ್ತೆ ತಣ್ಣಗಾಗುವಷ್ಟು ಹೊತ್ತು ಇನ್ನೊಂದು ಕಡೆ. ಒಮ್ಮೆ ಗಾಂಧಿ ಬಜಾರ್, ಒಮ್ಮೆ ಆಲ್ಕೊಳ ಸರ್ಕಲ್, ಒಮ್ಮೆ ತುಂಗೆಯ ಸೇತುವೆ. ರಜೆ ಇದ್ದ ದಿನ ಗಾಜನೂರಿನ ಡ್ಯಾಮಿಗೂ ಹೋಗಿಬಂದೆ. ವಾಪಸ್ ಬಂದರೆ ಬಾಗಿಲಲ್ಲೇ ಪ್ರಶ್ನೆ.

"ಏನ್ ನೋಡ್ದೆ?"

"ಏನಿಲ್ಲ ಮೇಡಂ."

"ಹಂಗಾದ್ರೆ ಮತ್ತೆ ಹೋಗು."

ನಿಜವಾಗಿಯೂ ಕಳಿಸುತ್ತಿದ್ದರು. ಆ ಬಿಸಿಲಲ್ಲಿ! ಬೈದುಕೊಂಡು ಹೋಗುತ್ತಿದ್ದೆ. ಆಮೇಲಾಮೇಲೆ ಏನಾದರೂ ನೋಡಿಕೊಂಡೇ ಬರತೊಡಗಿದೆ. ಬಜಾರಿನಲ್ಲಿ ಹೂ ಮಾರುವವಳು ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದಳು. ಅದನ್ನು ಹೇಳಿದ ದಿನ ಮೇಡಂ ಒಂದು ಗೋಣಿ ನೆನೆಸಿ ಕೆಲಸದ ಕಲ್ಲಿನ ಮೇಲೆ ಹಾಸಿದರು. ಕಲ್ಲು ತಣ್ಣಗಾಯಿತು. ಅವತ್ತು ನನಗೆ ಊಟಕ್ಕೆ ಎರಡು ಹೋಳಿಗೆ ಹೆಚ್ಚು ಸಿಕ್ಕವು... ಮೂರಿರಬಹುದು, ನೆನಪಿಲ್ಲ.

ಆಲ್ಕೊಳ ಸರ್ಕಲ್ ಹತ್ತಿರ ಹೊಸ ಕೆಫೆಯೊಂದು ತೆರೆಯುವುದರಲ್ಲಿತ್ತು. ಒಂದು ಟ್ರೇ ಕ್ರೊಸಾಂಟ್ ಕೊಡಿ, ರುಚಿ ಹಿಡಿಸಿದರೆ ದಿನವೂ ನಿಮ್ಮ ಹತ್ತಿರವೇ ತರಿಸುತ್ತೇನೆ ಎಂದು ಅದರ ಮಾಲೀಕ ಹೇಳಿದ. ಅದು ಸಿಕ್ಕರೆ ಮೇಡಂ ಶಿವಮೊಗ್ಗದಲ್ಲಿ ಉಳಿಯುತ್ತಾರೆ. ಸಿಗದಿದ್ದರೆ ಪಾಂಡಿಚೇರಿಯ ಹೋಟೆಲಿಗೆ ವಾಪಸ್. ಅಲ್ಲಿಂದ ಫೋನು ಬರುತ್ತಲೇ ಇತ್ತು. ಈ ತಿಂಗಳ ಕೊನೆಗೆ ಹೇಳುತ್ತೇನೆ ಎಂದು ಮುಂದಕ್ಕೆ ಹಾಕುತ್ತಿದ್ದರು.

ಆ ಟ್ರೇಗೆಂದು ಬೆಂಗಳೂರಿನಿಂದ ಬಸ್ಸಿನಲ್ಲಿ ಐಸ್ ಇಟ್ಟು ಬೇರೆ ಬೆಣ್ಣೆ ತರಿಸಿದರು. ಕೆನೆಯನ್ನು ಹುಳಿ ಬರಿಸಿ ತೆಗೆದ ಬೆಣ್ಣೆ. ಮೂಗಿನ ಹತ್ತಿರ ಹಿಡಿದರೆ ಸ್ವಲ್ಪ ಮೊಸರಿನ ವಾಸನೆ. ಈ ವಾಸನೆಯೇ ರುಚಿ ಎಂದರು. ಮರುದಿನ ಬೆಳಿಗ್ಗೆ ಟ್ರೇ ಹೋಗಬೇಕು. ಮಧ್ಯಾಹ್ನ ಬೆಣ್ಣೆಯನ್ನು ಬಡಿದು ಹಲಗೆ ಮಾಡಿ ಫ್ರಿಜ್ಜಿನಲ್ಲಿಟ್ಟೆವು. ಅಷ್ಟರಲ್ಲಿ ಕೆಳಗಿನ ಮನೆಯ ಕರೆಂಟ್ ಹೋಯಿತು. ಮಹಡಿಗೆ ಬೇರೆ ಫೇಸ್, ಅಲ್ಲಿ ಇತ್ತು. ಹಿಟ್ಟು, ಬೆಣ್ಣೆ ಎರಡನ್ನೂ ಮೇಲಕ್ಕೆ ಹೊತ್ತು ಸೊಸೆಗೆ ಹೇಳಿ ಅವರ ಫ್ರಿಜ್ಜಿನಲ್ಲಿಟ್ಟೆವು. ಅಜ್ಜಿ ಮಲಗಿದ್ದರು. ಮೇಡಂ ನನ್ನನ್ನು ಎಂದಿನಂತೆ ಊರು ಸುತ್ತಲು ಅಟ್ಟಿದರು.

ವಾಪಸ್ ಬಂದಾಗ ಮೆಟ್ಟಿಲ ಬುಡಕ್ಕೇ ವಾಸನೆ ಬಂತು. ಅಜ್ಜಿ ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಸ್ಟೀಲ್ ಡಬ್ಬ ಹಿಡಿದು ಇಳಿಯುತ್ತಿದ್ದರು. ಕೆಳಗಿನವರ ಬೆಣ್ಣೆ ಎಂದಷ್ಟೇ ಹೇಳಿ ಸೊಸೆ ಸಂತೆಗೆ ಹೋಗಿದ್ದಳಂತೆ. ಮೇಡಂ ಬಾಗಿಲಿಗೆ ಬಂದರು.

"ಏ ಹುಡುಗಿ, ಬಾ ಇಲ್ಲಿ. ನಿನ್ ಬೆಣ್ಣೆ ಹುಳಿ ಬಂದಿತ್ತು ಕಣೆ. ಇನ್ನೊಂದಿನ ಬಿಟ್ಟಿದ್ರೆ ದಂಡ ಆಗ್ತಿತ್ತು. ಪಾಪ, ದಿನವೆಲ್ಲ ಕೆಲಸ ನಿಂಗೆ, ಎಲ್ಲಿ ಕಾಯಿಸ್ತೀಯ? ನಾನೇ ಎಲೆ ಹಾಕಿ ಕಾಯಿಸ್ದೆ. ನೋಡು, ಹೆಂಗೆ ಮರಳು ಮರಳಾಗುತ್ತೆ."

ನಮ್ಮ ಕಡೆ ಬೆಣ್ಣೆಗೆ ಹುಳಿ ಬಂತೆಂದರೆ ಅದು ಕಾಯಿಸುವ ಹೊತ್ತು. ಯಾವ ಅಜ್ಜಿಯಾದರೂ ಅದನ್ನೇ ಮಾಡುತ್ತಿದ್ದರು. ಹಿಟ್ಟನ್ನು ಮುಟ್ಟಿರಲಿಲ್ಲ. ಬೆಣ್ಣೆ ಮಾತ್ರ.

ನಾನು ಬಾಯಿ ತೆಗೆದೆ. ಮೇಡಂ ನನ್ನ ಕಾಲು ತುಳಿದರು. ಡಬ್ಬವನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

"ಎಷ್ಟು ಘಮ ಅಜ್ಜಿ" ಅಂದರು.

ಅಜ್ಜಿ ಖುಷಿಯಾಗಿ ಹತ್ತಿಹೋದರು. ಮೇಡಂ ಡಬ್ಬ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತರು.

"ಹೇಳ್ಬೇಕಿತ್ತು ಮೇಡಂ" ಅಂದೆ.

"ಹೇಳಿದ್ರೆ ಬೆಣ್ಣೆ ವಾಪಸ್ ಬರುತ್ತೇನೋ? ಅಜ್ಜಿಗೆ ಯಾವತ್ತೂ ಗೊತ್ತಾಗ್ಬಾರ್ದು. ಬಾಯಿ ಬಿಟ್ಯೋ, ಲಟ್ಟಣಿಗೆ ತಗೊಳ್ತೀನಿ."

ಬೆಂಗಳೂರಿನ ಅಂಗಡಿಗೆ ಫೋನು ಮಾಡಿದರು. ಸ್ಟಾಕ್ ಇಲ್ಲ. ಕೆಫೆಯವನಿಗೆ ಫೋನು ಮಾಡಿದರು. ನಾಳೆ ಆಗದಿದ್ದರೆ ಬೇಡ. ಊರಿನ ಅಂಗಡಿಯ ಬೆಣ್ಣೆ ಕಲಿಕೆಗಾದೀತು, ನೀರಿನಂಶ ಹೆಚ್ಚು, ಆ ಸೆಕೆಗೆ ನೆಚ್ಚುವಂತಿಲ್ಲ. ಕೊನೆಗೆ ನನ್ನ ಮುಖ ನೋಡಿದರು. ಪಫ್ ಮಾಡಲು ನಮ್ಮ ಬೇಕರಿಯಲ್ಲಿ ಮಾರ್ಗರಿನ್ ಇರುತ್ತದೆ. ಬೆಣ್ಣೆಯಲ್ಲ, ಎಣ್ಣೆಯಿಂದ ಮಾಡಿದ್ದು. ಎಂಥ ಬಿಸಿಲಿಗೂ ಜಗ್ಗುವುದಿಲ್ಲ.

"ತಗೊಂಡ್ ಬಾ" ಅಂದರು. ಆ ದನಿ ನನಗೆ ಇಷ್ಟವಾಗಲಿಲ್ಲ.

ಭದ್ರಾವತಿಗೆ ಹೋದರೆ ಓನರ್ ನಕ್ಕರು. "ಏನ್ ತಂಬಿ, ಫ್ರೆಂಚ್‌ಗೂ ನಮ್ಮ ಡಬ್ಬಾನೇ ಬೇಕಾಯ್ತಾ?"

ರಾತ್ರಿ ಕರೆಂಟ್ ಬಂದ ಮೇಲೆ ಬೇಯಿಸಿದ ಕ್ರೊಸಾಂಟ್ ಏನೋ ಚೆನ್ನಾಗಿಯೇ ಎದ್ದವು. ಪದರಗಳನ್ನು ಎಣಿಸಬಹುದಿತ್ತು. ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ತಗೊಂಡು ಹೋದೆವು. ಕೆಫೆಯವನು ಒಂದನ್ನು ಮುರಿದು ತಿಂದ. ಇನ್ನೊಂದು ಚೂರು ತಿಂದ.

"ನೋಡೋಕೆ ಸೂಪರ್ ಮೇಡಂ. ಆದ್ರೆ ಇದು ನಮ್ಮೂರ ಪಫ್ ರುಚೀನೇ ಅಲ್ವಾ? ಇದಕ್ಕೆ ಪಾಂಡಿಚೇರಿವರೆಗೂ ಹೋಗ್ಬೇಕಿತ್ತಾ?"

"ಹೌದು. ಅದೇ ರುಚಿ" ಅಂದರು ಮೇಡಂ. ಬೆಣ್ಣೆಯ ಕತೆ ಹೇಳಲಿಲ್ಲ. ಅಜ್ಜಿಯ ಸುದ್ದಿ ಎತ್ತಲಿಲ್ಲ. ಟ್ರೇ ಅಲ್ಲೇ ಬಿಟ್ಟು ಹೊರಗೆ ಬಂದರು.

ಮನೆಗೆ ಹೋಗದೆ ಹೊಳೆಯ ಹತ್ತಿರ ಇಳಿದು ಮೆಟ್ಟಿಲ ಮೇಲೆ ಕೂತೆವು. ಬೇಸಿಗೆಯ ತುಂಗೆ, ಬಂಡೆಗಳ ಮಧ್ಯೆ ಅಲ್ಲಲ್ಲಿ ನೀರು. ಮೇಡಂ ಕೇಳಿದರು.

"ಏನ್ ನೋಡ್ದೆ ಇವತ್ತು?"

"ಏನಿಲ್ಲ ಮೇಡಂ."

ಆವತ್ತು ಮತ್ತೆ ಹೋಗು ಅನ್ನಲಿಲ್ಲ.

ತಿಂಗಳ ಕೊನೆಗೆ ಮೇಡಂ ಪಾಂಡಿಚೇರಿಗೆ ಹೊರಟರು. ತುಪ್ಪದ ಡಬ್ಬಕ್ಕೆ ಟವೆಲ್ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡರು. ಬಿಟ್ಟು ಹೋಗಬಹುದಿತ್ತು, ಬಿಡಲಿಲ್ಲ. ಮೊದಮೊದಲು ಫೋನು ಎತ್ತುತ್ತಿದ್ದರು. ಆಮೇಲೆ ನಂಬರೇ ಇಲ್ಲ ಎಂದು ಬಂತು. ಈಗ ಎಲ್ಲಿದ್ದಾರೋ... ಇದ್ದಾರೋ. ಅಂಥ ದುಬಾರಿ ಬೆಣ್ಣೆಗೆ ನಮ್ಮ ಓನರ್ ದುಡ್ಡು ಹಾಕಲಿಲ್ಲ. ನಾನು ಪಫ್ಫೇ ಮಾಡುತ್ತಿದ್ದೇನೆ, ಅದೇ ಮಾರ್ಗರಿನ್ ಹಾಕಿ. ಈಗ ಕ್ರೊಸಾಂಟ್ ಮಾಡು ಅಂದರೆ ಕೈಗೆ ಬರುವುದಿಲ್ಲ.

ಮೊನ್ನೆ ಮರಿಮಗುವಿನ ಹುಟ್ಟುಹಬ್ಬಕ್ಕೆ ಮೊಟ್ಟೆ ಇಲ್ಲದ ಕೇಕು ಬೇಕೆಂದು ಅಜ್ಜಿಯ ಮನೆಯಿಂದ ಫೋನು ಬಂತು. ಆ ಕೇಕು ಹಿಡಿದೇ ಮೆಟ್ಟಿಲಲ್ಲಿ ನಿಂತಿದ್ದು. ಅಜ್ಜಿಯ ಬೆನ್ನು ಪೂರ್ತಿ ಬಾಗಿದೆ. ನನ್ನ ಗುರುತು ಹಿಡಿದರು.

"ಆ ಹುಡುಗಿ ಸುದ್ದಿ ಏನಾದ್ರೂ ಇದೆಯೇನೋ? ಅಷ್ಟು ಚೆಂದ ಇದ್ಲು, ಯಾಕೆ ಹೋದ್ಲೋ. ನಾನು ಕಾಯಿಸಿದ ತುಪ್ಪ ತಿಂದ್ಲಂತಾ?"

"ತಿಂದ್ರಂತೆ ಅಜ್ಜಿ. ಖರ್ಚಾಗೋವರೆಗೂ ದಿನಾ ತಿಂದ್ರಂತೆ."

ಅಜ್ಜಿ ಬಾಣಲೆಯ ತಳದ ಗಸಿಗೆ ಸಕ್ಕರೆ ಕಲಸಿ ತಂದು ನನ್ನ ಅಂಗೈಗೆ ಹಾಕಿದರು, ಮಕ್ಕಳಿಗೆ ಕೊಡುವ ಹಾಗೆ. ನಿಂತೇ ತಿಂದೆ. ಇಳಿಯುವಾಗ ನೋಡಿದರೆ ಕೆಳಗಿನ ಮನೆಗೆ ಬೀಗ.

ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.