ಅಪ್ಪನ ಹೊಳೆಯಲ್ಲಿ ಒಂದು ಭಾನುವಾರ

ಹೊಳೆಯ ವಿಷಯದಲ್ಲಿ ನಮ್ಮಪ್ಪನ ಎದುರು ಯಾರೂ ಬಾಯಿ ಬಿಡುವಂತಿರಲಿಲ್ಲ. ಕೃಷ್ಣೆಯ ದಂಡೆಗುಂಟ ನೀರಾವರಿ ಕೆಲಸದಲ್ಲೇ ಸರ್ವಿಸ್ ಪೂರ್ತಿ ಕಳೆದ ಮನುಷ್ಯ. ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಗೇಜಿನ ಪಟ್ಟಿ ನೋಡಿ ಬರೆದುಕೊಂಡು ಮೇಲಿನವರಿಗೆ ತಿಳಿಸುವುದು ಅವರ ನೌಕರಿ. ರಿಟೈರ್ ಆಗಿ ಮುದ್ದೇಬಿಹಾಳದ ಮನೆಯಲ್ಲಿ ಕೂತು ಮೂರು ವರ್ಷವಾದರೂ ಆ ಠೀವಿ ಇಳಿದಿರಲಿಲ್ಲ. ಅವ್ವ ನಳದ ಕೆಳಗೆ ಕೊಡ ಇಟ್ಟರೆ ಸಾಕು, "ಇನ್ನ ನಾಕ್ ನಿಮಿಷಕ್ಕ ತುಂಬತೈತಿ" ಎಂದು ಒಳಗಿನಿಂದಲೇ ಹೇಳುತ್ತಿದ್ದರು. ನಾಲ್ಕೇ ನಿಮಿಷಕ್ಕೆ ತುಂಬುತ್ತಿತ್ತು ಕೂಡ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನಾಗ ಅದೇ ಊರಿನ ಶಾಲೆಯಲ್ಲಿ ಟೀಚರ್. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ಕೃಷ್ಣೆಯ ಆಣೆಕಟ್ಟಿನ ಕೆಳಗೆ ಹೊಳೆ ಬಂಡೆಯನ್ನು ಕೊರೆದುಕೊಂಡು ಹೋಗಿರುವ ಕಣಿವೆಯನ್ನು ನೋಡಿ ಬಂದ ಟೀಚರುಗಳು ವಾರವಿಡೀ ಅದನ್ನೇ ಹೊಗಳುತ್ತಿದ್ದರು. ಅವ್ವನ ನೆನಪಾಯಿತು. ಆಯುಷ್ಯವೆಲ್ಲ ಹೊಳೆಯ ಮಗ್ಗುಲಿನ ಕ್ವಾರ್ಟರ್ಸಿನಲ್ಲಿ ಅಪ್ಪನ ಡಬ್ಬಿ ಕಟ್ಟಿದವಳು, ಒಂದು ದಿನವೂ ಹೊಳೆ ನೋಡಲೆಂದು ಹೋದವಳಲ್ಲ.

"ಈ ಐತವಾರ ಮೂರೂ ಮಂದಿ ಹೋಗೂಣು" ಅಂದೆ.

"ಹೋಗೂಣ ತಗೋ. ಈಗ ಥಂಡಿ ದಿನ, ಗೇಟ್ ಎಲ್ಲಾ ಬಂದ್ ಇರ್ತಾವು. ನಡು ಹೊಳ್ಯಾಗ ಕುಂತು ಉಣ್ಣಬಹುದು" ಅಂದರು ಅಪ್ಪ, ಹೊಳೆ ತಮ್ಮ ಸ್ವಂತದ್ದು ಎಂಬ ಹಾಗೆ.

ಅವ್ವ ನಸುಕಿನಲ್ಲೇ ಎದ್ದು ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿ, ಮೊಸರು ಬುತ್ತಿ ಕಟ್ಟಿದಳು. ಬಾಡಿಗೆ ಜೀಪು ಮೇಲೆಯೇ ನಿಂತಿತು. ನಾವು ಕಲ್ಲು ಹಿಡಿದು ಹಿಡಿದು ಕೆಳಗಿಳಿದೆವು. ಅಬ್ಬಾ, ಅದೇನು ಜಾಗ! ಎರಡೂ ಕಡೆ ರೊಟ್ಟಿ ಒಟ್ಟಿದಂತೆ ಪದರ ಪದರ ಬಂಡೆ. ನಡುವೆ ಹಸಿರು ನೀರು ಸಣ್ಣ ಸಣ್ಣ ಕವಲಾಗಿ ಹರಿಯುತ್ತಿತ್ತು. ನೀರು ತಿರುಗಿ ತಿರುಗಿ ಕೊರೆದ ಒರಳಿನಂಥ ಕುಳಿಗಳು, ಅವುಗಳೊಳಗೆ ಮೀನಿನ ಮರಿಗಳು. ಅವ್ವ ಚಪ್ಪಲಿ ಕಳಚಿ ಕಾಲು ಇಳಿಬಿಟ್ಟು, "ಅಯ್ಯ, ಎಷ್ಟ್ ತಣ್ಣಗೈತೇ!" ಎಂದು ನಕ್ಕಳು. ಈ ನೀರು ಎಲ್ಲಿಂದ ಬರತೈತ್ರಿ, ಎಲ್ಲಿಗೆ ಹೋಗತೈತ್ರಿ ಎಂದು ಅಪ್ಪನನ್ನು ಕೇಳಿದ್ದೇ ಕೇಳಿದ್ದು. ಅಪ್ಪ ಹೇಳಿದ್ದೇ ಹೇಳಿದ್ದು. ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸುತ್ತಾಡುವುದರಲ್ಲೇ ಊಟದ ಹೊತ್ತು ಮೀರಿ ಬಿಸಿಲು ಇಳಿಯತೊಡಗಿತು. ನಡುವಿನ ದೊಡ್ಡ ಬಂಡೆಯ ಮೇಲೆ ಕೂರೋಣವೆಂದು ಅಪ್ಪ ಮುಂದಾದರು. ದಂಡೆಗೂ ಆ ಬಂಡೆಗೂ ನಡುವೆ ಒಂದು ಕವಲು. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕು. ದಂಡೆಯಲ್ಲಿ ಬಲೆ ಹೊಲಿಯುತ್ತ ಕೂತಿದ್ದ, ಮೀಸೆ ನರೆತ ಮೀನುಗಾರನೊಬ್ಬ ಕೂಗಿ ಹೇಳಿದ: "ಸಾಹೇಬ್ರ, ನಡುವ ಹೋಗಬ್ಯಾಡ್ರಿ. ಸಂಜಿಮುಂದ ನೀರ ಬರತೈತ್ರಿ."

"ನನಗ ಹೇಳ್ತೀ ಏನೋ ತಮ್ಮಾ? ಈ ಹೊಳಿ ನೀರ ಅಳದ ನೌಕರಿ ಮುಗಿಸೇನಿ. ಗೇಟ್ ಎತ್ತಿದ್ರ ಸೈರನ್ ಹೊಡೀತಾರ."

ಅವನು ಮತ್ತೇನೋ ಹೇಳಲು ಬಾಯಿ ತೆರೆದ. "ನಮ್ಮಪ್ಪಗ ಗೊತ್ತೈತ್ರಿ" ಎಂದು ಅವನ ಬಾಯಿ ಮುಚ್ಚಿಸಿದವಳು ನಾನೇ. ಮನೆಯಲ್ಲಿ ನಾನು ಅಪ್ಪನ ಜೊತೆ ಎಷ್ಟು ಬೇಕಾದರೂ ಜಗಳಾಡಿಯೇನು, ಹೊರಗಿನವನು ತಿದ್ದಿದರೆ ಸಹಿಸಲಾರೆ. ಹಾಳು ಬುದ್ಧಿ! ಮೂವರೂ ಕವಲು ದಾಟಿ ಬಂಡೆ ಹತ್ತಿದೆವು.

ನಮ್ಮ ಕಡೆ ಹೊಳೆಗೆ ಬಂದು ಬುತ್ತಿ ಬಿಚ್ಚಿದರೆ ಮೊದಲ ತುತ್ತು ಗಂಗವ್ವನದು. ಅವ್ವ ರೊಟ್ಟಿ ಮುರಿದು, ಮೇಲೆ ಪಲ್ಯ ಇಟ್ಟುಕೊಂಡು, ಬಂಡೆಯ ತುದಿಗೆ ಹೋಗಿ ಬಗ್ಗಿದಳು. ಸ್ವಲ್ಪ ಮೊದಲು ಅಲ್ಲೇ ಮೆಟ್ಟಿಲಿನಂಥ ಒಂದು ಕಲ್ಲಿನ ಮೇಲೆ ಮೊಣಕಾಲೂರಿ ಮುಖ ತೊಳೆದಿದ್ದಳು. ಈಗ ಆ ಕಲ್ಲು ಕಾಣಲಿಲ್ಲ. "ರೀ, ಇಲ್ಲೊಂದ್ ಕಲ್ಲಿತ್ತಲ್ರಿ?" ಅಂದಳು.

ಅಪ್ಪ ಎದ್ದು ನೋಡಿದರು. ನೋಡಿದ ಕೂಡಲೇ ನೀರು ಏರುತ್ತಿದೆಯೆಂದು ಅವರಿಗೆ ಗೊತ್ತಾಯಿತು, ಮುಖದಲ್ಲೇ ಕಂಡಿತು. ಆದರೂ ಆಣೆಕಟ್ಟಿನ ಕಡೆ ತಿರುಗಿ, ಕಿವಿಗೊಟ್ಟು ನಿಂತೇ ಇದ್ದರು. ಸೈರನ್ ಇರಲಿಲ್ಲ. "ಅಪ್ಪಾ, ನಡೀರಿ!" ಎಂದು ನಾನು ಚೀರಿದ ಮೇಲೆ ಬುತ್ತಿ ಅಲ್ಲೇ ಬಿಟ್ಟು ಹೊರಟೆವು.

ದಾಟಿ ಬಂದ ಕಲ್ಲುಗಳೆಲ್ಲ ಮುಳುಗಿದ್ದವು. ಮುಂದೆ ಇಳಿದ ಅಪ್ಪ ಜಾರಿ ಸೊಂಟದವರೆಗೆ ಹೋಗಿ, ಬಂಡೆಯನ್ನು ತಬ್ಬಿಕೊಂಡು ಮೇಲೆ ಬಂದರು. ಅವ್ವ ಸೆರಗು ಬಿಗಿದು ಕೂತುಬಿಟ್ಟಳು. "ನಾ ಒಲ್ಲೆ. ನೀವಿಬ್ರೂ ಹೋಗ್ರಿ." ನಾನು ಅವಳನ್ನು ಬೈದೆ, ರಟ್ಟೆ ಹಿಡಿದು ಎಳೆದೆ. ಅವಳು ಏಳಲಿಲ್ಲ.

ಮೀನುಗಾರ ಬಲೆಯ ಹಗ್ಗವನ್ನು ದಂಡೆಯ ಬಂಡೆಗೆ ಸುತ್ತಿ ಕಟ್ಟಿ, ಇನ್ನೊಂದು ತುದಿ ಹಿಡಿದು ಎದೆಮಟ್ಟದ ನೀರಿನಲ್ಲಿ ನಮ್ಮತ್ತ ಬಂದ. ಅವ್ವನಿಗೆ ಬೆನ್ನು ತಿರುಗಿಸಿ ನಿಂತು, "ಯವ್ವಾ, ನನ್ನ ಹೆಗಲ ಹಿಡಕೋರಿ. ನೀರ ನೋಡಬ್ಯಾಡ್ರಿ, ತಲಿ ತಿರಗತೈತಿ. ನನ್ನ ಬೆನ್ನ ಅಷ್ಟ ನೋಡ್ರಿ" ಅಂದ. ಪರಗಂಡಸಿನ ಎದುರು ತಲೆಯ ಸೆರಗು ಜಾರಗೊಡದ ನನ್ನವ್ವ ಅವನ ಎರಡೂ ಹೆಗಲು ಹಿಡಿದು, ಕಣ್ಣು ಕೀಳದೆ ಅವನ ಬೆನ್ನನ್ನೇ ನೋಡುತ್ತ ದಾಟಿದಳು. ಆಮೇಲೆ ಹಗ್ಗ ಹಿಡಿದು ನಾನು, ಕೊನೆಗೆ ಅಪ್ಪ.

ದಂಡೆ ಮುಟ್ಟಿದ ಮೇಲೂ ಅವನು ಒಂದು ಬಿರುಸು ಮಾತಾಡಲಿಲ್ಲ. "ಗೇಟ್ ಬಂದ್ ಅದಾವ್ರಿ ಸಾಹೇಬ್ರ, ನೀವು ಅಂದದ್ದು ಖರೇನ. ಇದು ಕರೆಂಟ್ ಮಾಡೂ ಮಷೀನಿನ ನೀರು. ಹ್ವಾದ ವರ್ಷದಿಂದ ಸಂಜಿಮುಂದ ಬಿಡಾಕತ್ತಾರ. ಅದಕ್ಕ ಸೈರನ್ ಇಲ್ರಿ."

ಅಪ್ಪ ಒದ್ದೆ ಧೋತರದಲ್ಲೇ ಒಂದು ಕಲ್ಲಿನ ಮೇಲೆ ದೂರ ಕೂತರು. ನಮ್ಮ ಬುತ್ತಿಯ ಗಂಟು ತೇಲಿ, ತಿರುಗಿ, ಹೋಯಿತು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಬಾಯಿಗೆ ಬಂದದ್ದನ್ನು ಅಂದುಬಿಡಬೇಕೆಂದು ಎದ್ದಿದ್ದೆ. ಅಷ್ಟರಲ್ಲಿ ಅವ್ವ ನಡುಗುತ್ತಲೇ ಹೋಗಿ ಅವರ ಪಕ್ಕ ಕೂತಳು. ಏನೂ ಆಗಿಯೇ ಇಲ್ಲವೆಂಬಂತೆ, ಮಧ್ಯಾಹ್ನ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು:

"ರೀ, ಇನ್ನಾ ಎಷ್ಟ್ ಏರತೈತ್ರಿ ಇದು?"

ನಾನು ಅಲ್ಲೇ ನಿಂತೆ. ಅಪ್ಪ ನೀರನ್ನು ನೋಡಿದರು. ಆಮೇಲೆ ಮೀನುಗಾರನ ಕಡೆ ಕೈ ತೋರಿಸಿ, "ಅವ್ರನ್ನ ಕೇಳು" ಅಂದರು.

"ಇನ್ನೊಂದ್ ಮೊಳ ಏರಿ ನಿಲ್ಲತೈತ್ರಿ" ಅಂದ ಅವನು. ಅಪ್ಪ ಮೇಲಿನ ಸಾಹೇಬರ ಮಾತು ಕೇಳಿಸಿಕೊಂಡ ಹಾಗೆ ತಲೆಯಾಡಿಸಿದರು.

ನಡುನೀರಿನಲ್ಲಿ ಒಂದು ಹನಿ ಕಣ್ಣೀರು ಹಾಕದಿದ್ದ ಅವ್ವ ಆಗ ಅತ್ತಳು.