ಗುಬ್ಬಿಗೆ ಹೋದ ಗಡಿಯಾರ

ಹೋದ ವಾರ ನಮ್ಮ ಫ್ಯಾಕ್ಟರಿಗೆ ಹೊಸ ಮೆಷಿನ್ ಬಂತು, ದೊಡ್ಡ ಮರದ ಪೆಟ್ಟಿಗೆಯಲ್ಲಿ. ಮೊಳೆ ಕಿತ್ತು ಮೇಲಿನ ಹಲಗೆ ಎತ್ತಿದ ಕೂಡಲೇ ಪೈನ್ ಮರದ ವಾಸನೆ... ಸ್ವಲ್ಪ ಸಿಹಿ, ಸ್ವಲ್ಪ ಸೀಮೆಎಣ್ಣೆಯ ತರಹ. ಜೊತೆಯವರೆಲ್ಲ ಮೆಷಿನ್ ನೋಡುತ್ತಿದ್ದರು. ನಾನು ಹಲಗೆ ಹಿಡಿದುಕೊಂಡೇ ನಿಂತಿದ್ದೆ. ಸೂಪರ್‌ವೈಸರ್ ಬಂದು ಏನಾಯಿತು ಎಂದು ಕೇಳಿದರು. ಏನಿಲ್ಲ ಸಾರ್ ಎಂದೆ. ನಿಜವಾಗಿಯೂ ಏನೂ ಆಗಿರಲಿಲ್ಲ. ಪಕ್ಕದ ಮನೆಯ ಅಣ್ಣ ನೆನಪಾಗಿದ್ದರು, ಅಷ್ಟೆ.

ಶೆಟ್ಟಿಹಳ್ಳಿಯ ವಠಾರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಕೆಲಸವೂ ವಸಂತನರಸಾಪುರದ ಒಂದೇ ಫ್ಯಾಕ್ಟರಿಯಲ್ಲಿ. ಅವರು ಪ್ಯಾಕಿಂಗ್ ಸೆಕ್ಷನ್, ನಾನು ಸ್ಟೋರ್ಸ್. ನನಗಿಂತ ದೊಡ್ಡವರು, ಅದಕ್ಕೇ ಅಣ್ಣ ಅನ್ನುತ್ತಿದ್ದೆ. ಊರು ಕುಣಿಗಲ್ ಕಡೆ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಇದ್ದೊಬ್ಬ ತಂಗಿಯನ್ನು ಅವರೇ ಸಾಕಿ ಓದಿಸಿದ್ದರು. ತಾವು ಮದುವೆಯಾಗಲಿಲ್ಲ. ಆ ತಂಗಿ ತಾನು ಮೆಚ್ಚಿದವರನ್ನು ರಿಜಿಸ್ಟರ್ ಮದುವೆಯಾಗಿ ಗುಬ್ಬಿಗೆ ಹೋದರು. ಅವತ್ತು ಇವರು ಬಾಗಿಲಲ್ಲಿ ನಿಂತು, ನನ್ನ ಪಾಲಿಗೆ ನೀನಿಲ್ಲ ಅಂದುಬಿಟ್ಟರಂತೆ. ಆಮೇಲೆ ಇಬ್ಬರೂ ಮಾತಾಡಿರಲಿಲ್ಲ. ಇದನ್ನೆಲ್ಲ ಅವರು ನನಗೆ ಒಂದೇ ಸಲ ಹೇಳಿದ್ದಲ್ಲ. ಶಿಫ್ಟ್ ಬಸ್ಸಿನಲ್ಲಿ ಒಂದಿಷ್ಟು, ಟೀ ಕುಡಿಯುವಾಗ ಒಂದಿಷ್ಟು...

ಒಂದು ಭಾನುವಾರ ಆ ತಂಗಿಯ ಗಂಡ ನಮ್ಮ ವಠಾರಕ್ಕೆ ಬಂದರು. ಕೈಯಲ್ಲಿ ಕುಂಕುಮದ ಬಟ್ಟಲು, ಗೃಹಪ್ರವೇಶದ ಕಾರ್ಡು. ಗುಬ್ಬಿಯಲ್ಲಿ ಮನೆ ಕಟ್ಟಿಸಿದ್ದರು. ತಂಗಿ ಒಳಗೆ ಬರಲಿಲ್ಲ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಗೇಟಿನ ಹೊರಗೆ ಆಟೋದಲ್ಲೇ ಇದ್ದರು. ಅಣ್ಣ ಕಿಟಕಿಯಿಂದ ಅದನ್ನು ನೋಡಿದರು. ಬಂದವರಿಗೆ ನೀರು ಕೊಟ್ಟರು, ಕಾರ್ಡು ತೆಗೆದುಕೊಂಡರು, ಬರುತ್ತೇನೆ ಎಂದರು. ಆದರೆ ಗೇಟಿನ ತನಕ ಹೋಗಲಿಲ್ಲ.

ಸಂಜೆ ನನ್ನ ಹತ್ತಿರ, "ಗಡಿಯಾರ ಮಾಡ್ತೀನಿ ಕಣೋ" ಅಂದರು.

ನನಗೆ ನಗು ಬಂತು. ನಮ್ಮ ಕಡೆ ಗೃಹಪ್ರವೇಶ ಅಂದರೆ ಗೋಡೆ ಗಡಿಯಾರವೇ. ಬಂದವರಲ್ಲಿ ಅರ್ಧ ಜನ ಅದನ್ನೇ ತಂದಿರುತ್ತಾರೆ. ಹಾಗಂತ ಹೇಳಿದೆ.

"ಅವ್ರೆಲ್ಲ ಅಂಗ್ಡೀದ್ ಕೊಡ್ತಾರೆ. ನಾನು ಮಾಡಿ ಕೊಡ್ತೀನಿ," ಅಂದರು. ಆಮೇಲೆ, "ಗಡಿಯಾರ ಆದ್ರೆ ದಿನಾ ನೋಡ್ಲೇಬೇಕಲ್ಲ. ನನ್ ಮುಖ ನೋಡ್ದಿದ್ರೂ ಅದ್ನ ನೋಡ್ತಾಳೆ."

ಅವರ ಹತ್ತಿರ ಒಂದು ಹಳೆಯ ಸ್ಕ್ರೋಲ್ ಸಾ ಮೆಷಿನ್ ಇತ್ತು. ನೋಡಲು ಹೊಲಿಗೆ ಮೆಷಿನ್ ತರಹವೇ. ಸೂಜಿಯ ಜಾಗದಲ್ಲಿ ದಾರದಷ್ಟು ಸಣ್ಣ ಗರಗಸದ ಬ್ಲೇಡು, ಮೇಲೆ ಕೆಳಗೆ ಆಡುತ್ತದೆ. ಬ್ಲೇಡು ಇದ್ದಲ್ಲೇ ಇರುತ್ತದೆ, ಮರವನ್ನೇ ತಿರುಗಿಸಬೇಕು. ಫ್ಯಾಕ್ಟರಿಗೆ ಬರುವ ಪೆಟ್ಟಿಗೆಗಳ ಪೈನ್ ಹಲಗೆಯನ್ನು ಗೇಟ್ ಪಾಸ್ ಮಾಡಿಸಿಕೊಂಡು ತಂದು ಅದರಲ್ಲಿ ಮನೆ ಹೆಸರಿನ ಬೋರ್ಡು, ಗಣಪತಿ ಹೀಗೆ ಏನಾದರೂ ಕೊಯ್ಯುತ್ತಿದ್ದರು. ಫಸ್ಟ್ ಶಿಫ್ಟ್ ಮುಗಿಸಿ ಬಂದು ಊಟ ಮಾಡಿ ಕೂತರೆ ಗೋಡೆಯೆಲ್ಲ ಗುಂಯ್ ಅನ್ನುತ್ತಿತ್ತು. ಪಕ್ಕದ ಮನೆಯಲ್ಲಿ ಜೇನು ಸಾಕಿದ್ದಾರೆ ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

ಗಡಿಯಾರಕ್ಕೆ ಅವರು ಆರಿಸಿಕೊಂಡದ್ದು ಒಂದು ರಂಗೋಲಿ. ತಂಗಿ ಚಿಕ್ಕವಳಿದ್ದಾಗ ಊರಿನ ಮನೆ ಮುಂದೆ ದಿನಾ ಹಾಕುತ್ತಿದ್ದದ್ದಂತೆ. ಮಧ್ಯದಲ್ಲಿ ಹೂವು, ಸುತ್ತ ಬಳ್ಳಿ, ನಾಲ್ಕು ಕಡೆ ನಾಲ್ಕು ಗಿಣಿ. ನೆನಪಿನಿಂದಲೇ ಪೇಪರಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ತಂದು ಹಲಗೆಗೆ ಅಂಟಿಸಿದರು. ಮೂರು ಗಿಣಿ ಹೂವಿನ ಕಡೆ ನೋಡುತ್ತಿದ್ದವು. ಒಂದು ಮಾತ್ರ ಆಚೆ ತಿರುಗಿತ್ತು. ಇದೊಂದು ಉಲ್ಟಾ ಆಗಿದೆಯಲ್ಲಣ್ಣ ಎಂದೆ.

"ಅದು ಹಂಗೇ ಇರೋದು. ಅವ್ಳು ಹಂಗೇ ಹಾಕೋದು," ಅಂದರು.

ಮೊದಲ ಹಲಗೆ ಕೆಟ್ಟುಹೋಯಿತು. ನೆಲದ ಮೇಲೆ ರಂಗೋಲಿ ಗೆರೆ ಸುತ್ತಿ ಬಂದು ಸೇರಿದರೆ ಚೆಂದ. ಮರದಲ್ಲಿ ಹಾಗೆ ಸುತ್ತ ಕೊಯ್ದರೆ ಒಳಗಿನದೆಲ್ಲ ಕಳಚಿಕೊಂಡು ಬೀಳುತ್ತದೆ. ಹೂವಿನ ಭಾಗ ಪೂರ್ತಿ ಅವರ ಕಾಲ ಮೇಲೆ ಬಿತ್ತು. ಅದನ್ನು ಎತ್ತಿಕೊಂಡು ತುಂಬಾ ಹೊತ್ತು ನೋಡಿದರು. "ಎಲ್ಲಾದ್ರೂ ಒಂದ್ ಕಡೆ ಅಂಟ್ಕೊಂಡಿರ್ಬೇಕು ನೋಡು," ಅಂದರು. ಎರಡನೇ ಸಲ ಗೆರೆಗೂ ಗೆರೆಗೂ ನಡುವೆ ಕಡ್ಡಿಯಷ್ಟು ಮರ ಉಳಿಸಿ ಬರೆದರು.

ಆಮೇಲೆ ದಿನಾ ಅದೇ ಕೆಲಸ. ಕೊಯ್ಯಬೇಕಾದ ಕಡೆಯೆಲ್ಲ ಸಣ್ಣ ತೂತು. ಬ್ಲೇಡಿನ ಒಂದು ತುದಿ ಬಿಚ್ಚಿ, ತೂತಿನೊಳಗೆ ತೂರಿಸಿ, ಮತ್ತೆ ಬಿಗಿದು, ಒಂದು ಎಲೆಯಷ್ಟು ಜಾಗ ಕೊಯ್ದು, ಮತ್ತೆ ಬಿಚ್ಚುವುದು. ಸ್ವಲ್ಪ ಅವಸರ ಮಾಡಿದರೂ ಬ್ಲೇಡು ಟಪ್ ಅಂತ ತುಂಡಾಗುತ್ತಿತ್ತು. ಕರೆಂಟ್ ಹೋದರೆ ಹಲಗೆ ಮೇಲೆ ಕೈ ಇಟ್ಟುಕೊಂಡೇ ಕೂತಿರುತ್ತಿದ್ದರು, ಬರುವ ತನಕ. ನಾನು ಹೋಗಿ ಎದುರಿಗೆ ಕೂರುತ್ತಿದ್ದೆ.

ಮುಗಿದ ದಿನ ಅದನ್ನು ಕಿಟಕಿಗೆ ಅಡ್ಡ ಹಿಡಿದರು. ಬಿಸಿಲು ತೂತುಗಳಲ್ಲಿ ಹಾದು ಬಂದು ಎದುರಿನ ಗೋಡೆಯ ಮೇಲೆ ರಂಗೋಲಿ ಬಿತ್ತು. ನಾನು ಫೋಟೊ ತೆಗೆಯಲು ಫೋನ್ ಎತ್ತಿದೆ. ಬೇಡ, ಮೊದಲು ಅವಳು ನೋಡಲಿ ಎಂದರು. ಹೂವಿನ ನಡುವೆ ಅಂಗಡಿಯಿಂದ ತಂದ ಗಡಿಯಾರದ ಮೆಷಿನ್, ಮುಳ್ಳು ಕೂರಿಸಿ ಬಣ್ಣದ ಪೇಪರ್ ಸುತ್ತಿದ್ದಾಯಿತು. ನಾನು ಓದು ಬರಹ ಕಲಿತದ್ದು ತಡವಾಗಿ, ಎಸ್ಸೆಸ್ಸೆಲ್ಸಿ ಕಟ್ಟಿದ್ದೇ ಮದುವೆಯಾದ ಮೇಲೆ. ಆದರೆ ಅಕ್ಷರ ದುಂಡಗಿದೆ. ಮೇಲೆ ಹೆಸರು ಬರೆದುಕೊಡಲೇ ಎಂದು ಕೇಳಿದೆ.

"ನನ್ ಹೆಸ್ರು ನೋಡಿದ್ರೆ ಅಲ್ಲೇ ವಾಪಸ್ ಕೊಟ್ಟಾಳು," ಅಂದರು. "ಬಿಚ್ಚಿದ್ರೆ ಅವ್ಳಿಗೇ ಗೊತ್ತಾಗುತ್ತೆ ಬುಡು."

ಗೃಹಪ್ರವೇಶಕ್ಕೆ ನನ್ನ ಬೈಕಿನಲ್ಲೇ ಹೋದೆವು. ಹಿಂದೆ ಕೂತು ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಹಂಪ್ ಬಂದಾಗಲೆಲ್ಲ, ನಿಧಾನ ನಿಧಾನ ಅನ್ನುತ್ತಿದ್ದರು. ಅಲ್ಲಿ ತಂಗಿ ಪೂಜೆ, ಹೊಗೆ, ಜನದ ಮಧ್ಯೆ ಇದ್ದರು. ಇವರು ಹತ್ತಿರ ಹೋಗಲಿಲ್ಲ. ಉಡುಗೊರೆ ಇಡುವ ರೂಮಿಗೆ ಹೋಗಿ ಮಂಚದ ಮೇಲೆ ತಾವೇ ಇಟ್ಟರು. ಅಲ್ಲಿ ಕೂತಿದ್ದ ಒಬ್ಬ ಹೆಂಗಸು ಅದನ್ನು ಎತ್ತಿ ಅಂದಾಜು ನೋಡಿ, ಪಕ್ಕದವರಿಗೆ, "ಇದೂ ಗಡಿಯಾರಾನೇ ಕಣಕ್ಕ. ಈ ಮನೇಲಿ ಇನ್ಮೇಲೆ ಯಾರೂ ಲೇಟಾಗಂಗಿಲ್ಲ ಬುಡು," ಅಂದರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕರು. ನಮ್ಮ ಕಡೆ ಕೊಟ್ಟವರ ಎದುರಿಗೆ ಪ್ಯಾಕೆಟ್ ಬಿಚ್ಚುವುದಿಲ್ಲ, ಹಾಗಾಗಿ ಅಲ್ಲಿ ನಿಲ್ಲುವ ಹಾಗೂ ಇರಲಿಲ್ಲ.

ಊಟಕ್ಕೆ ಕೂತಾಗ ಪಾಯಸ ಬಡಿಸುತ್ತಾ ತಂಗಿಯೇ ಸಾಲಿನಲ್ಲಿ ಬಂದರು. ಇವರ ಎಲೆಯ ಮುಂದೆ ನಿಂತರು.

"ಹಾಕ್ಲಾ?"

"ಹಾಕು."

ಅಷ್ಟೇ. ವಾಪಸ್ ಬರುವಾಗ ದಾರಿಯಲ್ಲಿ ನನ್ನ ಬೆನ್ನ ಹಿಂದಿನಿಂದ, ಹಾಕ್ಲಾ ಅಂದಳು, ಹಾಕ್ಲಾ ಅಂದಳು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

ಆಮೇಲೆ ಫೋನಿಗೆ ಕಾದರು. ಫ್ಯಾಕ್ಟರಿಯಲ್ಲಿ ಫೋನ್ ಲಾಕರಿನಲ್ಲಿ ಇಡಬೇಕು. ಟೀ ಬ್ರೇಕಿಗೆ ಮೊದಲು ಓಡುತ್ತಿದ್ದದ್ದು ಅಲ್ಲಿಗೆ. ಸಾಮಾನೆಲ್ಲ ಜೋಡಿಸಿ ಆಗಿರುವುದಿಲ್ಲ, ಇನ್ನೂ ಬಿಚ್ಚಿರುವುದಿಲ್ಲ ಎಂದು ಮೊದಮೊದಲು ನಾನು ಹೇಳುತ್ತಿದ್ದೆ. ಅವರೂ ಹೂಂ ಅನ್ನುತ್ತಿದ್ದರು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ನೀವೇ ಮಾಡಿ ಎಂದೆ. ಮಾಡಲಿಲ್ಲ. ಒಂದು ದಿನ ಬಸ್ಸಿನಲ್ಲಿ ಆಚೆ ನೋಡಿಕೊಂಡು, "ನೋಡವ್ಳೆ. ನೋಡೂ ಸುಮ್ನವ್ಳೆ. ಆಯ್ತು ಬುಡು," ಅಂದರು. ಆಮೇಲೆ ಮೆಷಿನ್ ಮೇಲೆ ಒಂದು ಹಳೇ ಬೆಡ್‌ಶೀಟ್ ಹೊದಿಸಿದರು. ಗೋಡೆ ಸದ್ದು ಮಾಡುವುದು ನಿಂತಿತು.

ಬೇಸಿಗೆ ಶುರುವಾಗುವಾಗ, ಶಿಫ್ಟ್ ಬಸ್ಸಿಗೆ ಕಾಯುತ್ತಾ ನಿಂತಿದ್ದವರು ಎದೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತರು. ನಾನು ಪಕ್ಕದಲ್ಲೇ ಇದ್ದೆ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯಲ್ಲೇ ಹೋಗಿದ್ದರು... ತಂಗಿಗೆ ಫೋನ್ ಮಾಡಿದ್ದು ನಾನೇ. ಆ ಕಡೆಯಿಂದ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಮಾತ್ರ ಕೇಳಿಸಿತು.

ತಿಥಿಯಾದ ಮೇಲೆ ಮನೆ ಖಾಲಿ ಮಾಡಲು ತಂಗಿ ಬಂದರು. ನಾನೂ ನನ್ನ ಹೆಂಡತಿಯೂ ಜೊತೆಗಿದ್ದೆವು. ಬೆಡ್‌ಶೀಟ್ ಎಳೆದಾಗ ಮೆಷಿನ್ ಕಂಡಿತು, ಅದರ ಹಿಂದೆ ಗೋಡೆಗೆ ಒರಗಿಸಿದ್ದ ಆ ಮೊದಲಿನ, ಕೆಟ್ಟುಹೋದ ಹಲಗೆ. ಮಧ್ಯದಲ್ಲಿ ಹೂವಿಲ್ಲ. ತಂಗಿ ಅದನ್ನು ಎತ್ತಿಕೊಂಡರು. ಆಚೆ ತಿರುಗಿದ ಗಿಣಿಯ ಮೇಲೆ ಬೆರಳಿಟ್ಟರು. ಇದು ಯಾವಾಗ ಮಾಡಿದ್ದು ಎಂದು ಕೇಳಿದರು. ನಿಮ್ಮ ಗೃಹಪ್ರವೇಶಕ್ಕೆ ಮಾಡಲು ಹೊರಟದ್ದು, ಚೆನ್ನಾಗಿ ಬಂದದ್ದನ್ನು ನಿಮಗೆ ಕೊಟ್ಟರಲ್ಲ ಎಂದೆ.

ಅವರು ಕೆಳಗೆ ಕೂತುಬಿಟ್ಟರು.

"ಅಣ್ಣಯ್ಯ ಬರಿಗೈಲಿ ಬಂದು ಉಂಡ್ಕೊಂಡು ಹೋದ ಅಂದ್ಕೊಂಡಿದ್ನಲ್ಲ ನಾನು," ಅಂದರು. ಗಡಿಯಾರಗಳು ರಾಶಿ ಬಂದಿದ್ದವಂತೆ. ಬೇರೆಯವರ ಗೃಹಪ್ರವೇಶಕ್ಕೆ ಕೊಡಲು ಒಂದೆರಡನ್ನು ಬಿಚ್ಚದೆ ತೆಗೆದಿಡುವುದು ಎಲ್ಲರ ಮನೆಯಲ್ಲೂ ಇರುವುದೇ. ಹೆಸರು ಬರೆದದ್ದನ್ನು ಕೊಡಲು ಆಗುವುದಿಲ್ಲ. ಹೆಸರಿಲ್ಲದ್ದು ಅದೊಂದೇ ಇತ್ತು.

ಅದು ಹೋದದ್ದು ಕುಣಿಗಲ್‌ಗೆ, ಅವರ ಗಂಡನ ಸ್ನೇಹಿತರ ಹೊಸ ಮನೆಗೆ. ನಾನೂ ತಂಗಿಯೂ ಬಸ್ಸಿನಲ್ಲಿ ಹೋದೆವು. ಕೊಟ್ಟದ್ದನ್ನು ವಾಪಸ್ ಕೇಳುವುದು ಹೇಗೆ ಎಂದು ಇಡೀ ದಾರಿ ಯೋಚಿಸುತ್ತಿದ್ದರು. ಆ ಮನೆಯ ಹೆಂಗಸು ಕಾಫಿ ಕೊಟ್ಟರು. ನಾವು ಕೊಟ್ಟ ಗಡಿಯಾರ ಒಂದು ಸಲ ನೋಡಬೇಕಿತ್ತು ಎಂದು ತಂಗಿ ಹೇಳಿದಾಗ ಅವರ ಮುಖ ಬದಲಾಯಿತು. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಗಡಿಯಾರ ತಂದು, ಇದೇ ಅಲ್ಲವಾ, ತುಂಬಾ ಚೆನ್ನಾಗಿದೆ, ಗೋಡೆಗೆ ಮೊಳೆ ಹೊಡೆದಿಲ್ಲ ಅಂತ ಎತ್ತಿಟ್ಟಿದ್ದೆ ಎಂದರು. ಅದರ ಮೇಲೆ ಬೇರೆ ಯಾರೋ ದಂಪತಿಯ ಹೆಸರಿತ್ತು. ಆ ಹೆಂಗಸೂ ಅದನ್ನು ಆಗಷ್ಟೇ ನೋಡಿದರು.

"ನಾವೂ ಬಿಚ್ಲಿಲ್ಲ ಕಣಮ್ಮ," ಅಂದರು ಕೊನೆಗೆ, ತಲೆ ತಗ್ಗಿಸಿಕೊಂಡು. "ಯಾವ್ದೋ ಮದ್ವೆಗೆ ಕೊಟ್ವು. ಯಾರ್ದಕ್ಕೆ ಅಂತ ನಿಜ್ವಾಗ್ಲೂ ಗ್ಯಾಪ್ಕ ಇಲ್ಲ."

ತಂಗಿ ಅವರನ್ನು ಬೈಯಲಿಲ್ಲ. ಹೇಗೆ ಬೈಯುತ್ತಾರೆ. ಕಾಫಿ ಕುಡಿದು, ಅರಿಶಿನ ಕುಂಕುಮ ತೆಗೆದುಕೊಂಡು ಹೊರಟೆವು.

ಕುಣಿಗಲ್ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದಾಗ ಅವರು ನನ್ನನ್ನು ಕೇಳಿದರು:

"ನಾನು ಅದನ್ನ ನೋಡೇ ಇಲ್ಲ ಅಂತ ಅಣ್ಣಯ್ಯಂಗೆ ಗೊತ್ತಿತ್ತಾ?"

ಎದುರಿಗೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಕಂಡಕ್ಟರ್ ರೈಟ್ ರೈಟ್ ಎಂದು ಬಡಿಯುತ್ತಿದ್ದ. ನಾನು ಅದು ನಿಲ್ಲುವ ತನಕ ಕಾದೆ.

"ಗೊತ್ತಿತ್ತಮ್ಮ. ಇನ್ನೂ ಬಿಚ್ಚಿಲ್ಲ ಅನ್ಸುತ್ತೆ, ಬಿಚ್ಚಿದ ದಿನ ಫೋನ್ ಮಾಡ್ತಾಳೆ ಅಂತಿದ್ರು."

ಅವರು ಸೆರಗಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದರು.

ಅದಾಗಿ ವರ್ಷಗಳಾದವು. ಅಣ್ಣನ ಮನೆಗೆ ಬೇರೆಯವರು ಬಾಡಿಗೆಗೆ ಬಂದಿದ್ದಾರೆ, ಟಿ.ವಿ. ಜೋರಾಗಿ ಹಾಕುತ್ತಾರೆ. ತಂಗಿ ಈಗಲೂ ಯಾರದಾದರೂ ಹೊಸ ಮನೆಗೆ ಹೋದರೆ ಮೊದಲು ಗೋಡೆ ನೋಡುತ್ತಾರಂತೆ. ಸಿಕ್ಕಿಲ್ಲ. ಸಿಗುತ್ತದೆ ಎಂದು ನಾನೂ ಅಂದುಕೊಂಡಿಲ್ಲ. ಹೋದ ವಾರ ಫ್ಯಾಕ್ಟರಿಯಲ್ಲಿ ಆ ಪೈನ್ ಹಲಗೆಯ ವಾಸನೆ ಬಂದ ದಿನ ಸಂಜೆ ನಾನೇ ಅವರಿಗೆ ಫೋನ್ ಮಾಡಿದೆ, ಸುಮ್ಮನೆ. ಮಾತಿನ ಮಧ್ಯೆ ಅವರ ಮಗಳು ಪಕ್ಕದಲ್ಲಿ ಏನೋ ಕೇಳಿದಳು. ತಂಗಿ ಫೋನ್ ಸ್ವಲ್ಪ ದೂರ ಹಿಡಿದು ಅವಳಿಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು:

"ಇಲ್ಲ ಕಣೇ, ಮಾವಂಗೆ ನನ್ ಮೇಲೆ ಏನೂ ಬೇಜಾರಿರ್ಲಿಲ್ಲ. ನಾನಿನ್ನೂ ಬಿಚ್ಚಿಲ್ಲ ಅಂತ ಮಾವಂಗೆ ಗೊತ್ತಿತ್ತು. ಬೇಕಾದ್ರೆ ಇವ್ರನ್ನೇ ಕೇಳು."

ಫೋನ್ ಹುಡುಗಿಯ ಕೈಗೆ ಹೋಯಿತು. ಹೌದಾ ಎಂದು ಕೇಳಿದಳು. ಹೂಂ ಕಣಮ್ಮ ಎಂದೆ.