ಒಂದಕ್ಕೆ ಬಿಡುವ ಹೊತ್ತು

ಬಿಡುವು ತೆಗೆದುಬಿಡೋಣ ಅಂತ ಮೊದಲು ಹೇಳಿದವಳು ನಾನೇ. ಆ ಮೀಟಿಂಗಿನಲ್ಲಿ ಇದ್ದವರು ಈಗ ಎಲ್ಲೆಲ್ಲಿದ್ದಾರೋ ಗೊತ್ತಿಲ್ಲ, ಬೇರೆ ಯಾರ ಮೇಲಾದರೂ ಹಾಕಿದರೆ ಕೇಳುವವರಿಲ್ಲ. ಆದರೂ ಹೇಳಿದವಳು ನಾನು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನಗೆ ಇಪ್ಪತ್ತನಾಲ್ಕು. ಬಿ.ಎಡ್ ಮುಗಿಸಿ, ತ್ಯಾಗರಾಜನಗರದ ಮನೆಯಿಂದ ಎರಡು ಬಸ್ಸು ಹತ್ತಿ ಜೆ.ಪಿ. ನಗರದ ಒಂದು ಖಾಸಗಿ ಶಾಲೆಗೆ ಗಣಿತ ಹೇಳಿಕೊಡಲು ಹೋಗುತ್ತಿದ್ದೆ. ಅಕ್ಕಪಕ್ಕದ ಎರಡು ಮನೆಗಳ ನಡುವಿನ ಕಾಂಪೌಂಡು ಒಡೆದು ಮಾಡಿದ್ದ ಶಾಲೆ. ಹಿಂದೆ ಉದ್ದನೆಯ ಮಣ್ಣಿನ ಅಂಗಳ, ಅದರ ಕೊನೆಯಲ್ಲಿ ತಗಡಿನ ಬಾಗಿಲಿನ ಮೂರು ಟಾಯ್ಲೆಟ್ಟು. ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಬಿಡುವು. ಟೈಮ್‌ಟೇಬಲ್ಲಿನಲ್ಲಿ ಶಾರ್ಟ್ ಬ್ರೇಕ್ ಅಂತ ಬರೆದಿದ್ದರೂ ಮಕ್ಕಳ ಬಾಯಲ್ಲಿ ಅದು ‘ಒಂದಕ್ಕೆ ಬಿಡೋದು’. ಒಂದಕ್ಕೆ ಹೋಗಿ ಬರುವುದು ಎರಡು ನಿಮಿಷದ ಕೆಲಸ. ಮಿಕ್ಕ ಹೊತ್ತೆಲ್ಲ ಲಗೋರಿ, ಕುಂಟೆಬಿಲ್ಲೆ, ಜಗಳ, ಅಳು, ರಾಜಿ. ಮಧ್ಯಾಹ್ನದ ಊಟ ಬೆಂಚಿನಲ್ಲೇ, ಹದಿನೈದು ನಿಮಿಷ, ಮಿಸ್ಸುಗಳ ಕಣ್ಣೆದುರೇ.

ಏಳನೇ ಕ್ಲಾಸಿಗೆ ಆಗ ಪಬ್ಲಿಕ್ ಪರೀಕ್ಷೆ. ಎರಡು ರಸ್ತೆ ಆಚೆ ಹೊಸ ಶಾಲೆಯೊಂದು ತೆರೆದಿತ್ತು. ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಗೇಟಿನ ಹತ್ತಿರ ನಿಂತು ಆ ಶಾಲೆಯ ಮಾತೇ ಆಡುತ್ತಿದ್ದರು. ನಮ್ಮ ಹೆಡ್ ಮೇಡಂ ಕೆಟ್ಟವರಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಿಂತು ಕಟ್ಟಿದ ಶಾಲೆ ಅದು, ಅದು ಮುಚ್ಚಿಹೋಗುವ ಭಯ ಅವರಿಗೆ ಹಗಲೂ ರಾತ್ರಿಯೂ ಇತ್ತು. ಜುಲೈ ತಿಂಗಳ ಒಂದು ಶನಿವಾರ ನಮ್ಮನ್ನೆಲ್ಲ ಕೂರಿಸಿಕೊಂಡು ಕೇಳಿದರು.

“ದಿನಾ ಇನ್ನೊಂದಿಪ್ಪತ್ತು ನಿಮಿಷ ಬೇಕು. ಸಂಜೆ ನಿಲ್ಲಿಸ್ಕೊಳ್ಳಕ್ಕಾಗಲ್ಲ, ವ್ಯಾನಲ್ಲಿ ಹೋಗೋ ಮಕ್ಳು. ಎಲ್ಲಿಂದ ತರ್ಲಿ?”

ನಾನು ಹೇಳಿದೆ, “ಹನ್ನೊಂದು ಗಂಟೆ ಬ್ರೇಕ್ ಇದೆಯಲ್ಲ ಮೇಡಂ. ಅದ್ರಲ್ಲಿ ನಾನು ಬಾಯಿಲೆಕ್ಕ ಮಾಡಿಸ್ತೀನಿ. ಒಂದಕ್ಕೆ ಹೋಗೋರು ಕೇಳ್ಕೊಂಡು ಹೋಗ್ತಾರೆ.”

ಅವರು ನನ್ನನ್ನು ನೋಡಿ ತಲೆದೂಗಿದರು. ಆ ತಲೆದೂಗು ನನಗೆ ಬೇಕಿತ್ತು. ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ಆಗಿರಲಿಲ್ಲ.

ಮೊದಲ ವಾರ ಹನ್ನೊಂದಾಗುತ್ತಲೇ ಮಕ್ಕಳ ಕಾಲು ಬೆಂಚಿನ ಕೆಳಗೆ ತಾವಾಗಿಯೇ ಆಡುತ್ತಿದ್ದವು. ಕಣ್ಣು ಕಿಟಕಿಗೆ ಹೋಗುತ್ತಿತ್ತು. ನಾನು ಮೇಜು ತಟ್ಟಿ ಮುಂದಿನ ಲೆಕ್ಕ ಹೇಳುತ್ತಿದ್ದೆ. ಎರಡನೇ ವಾರ ಕಿಟಕಿ ನೋಡುವವರು ಕಡಿಮೆಯಾದರು. ತಿಂಗಳಾಗುವುದರೊಳಗೆ ಯಾರೂ ನೋಡುತ್ತಿರಲಿಲ್ಲ. ನನಗೆ ಅದು ಗೆಲುವು ಅನ್ನಿಸಿತು. ಟೆಸ್ಟಿನಲ್ಲಿ ಅಂಕಗಳೂ ಏರಿದವು. ಹೆಡ್ ಮೇಡಂ ಐದು, ಆರನೇ ಕ್ಲಾಸಿಗೂ ಬಿಡುವು ತೆಗೆದರು. ದಸರಾ ರಜೆ ಮುಗಿಸಿ ಬಂದಾಗ ಸಣ್ಣ ಕ್ಲಾಸುಗಳದ್ದೂ ಹೋಗಿತ್ತು. ಹನ್ನೊಂದರ ಗಂಟೆ ಹೊಡೆಯುವುದೇ ನಿಂತಿತು.

ಶಾಲೆಯ ಪಕ್ಕದ ಮನೆಯಲ್ಲಿ ಒಬ್ಬ ಮುದುಕರಿದ್ದರು. ಆ ಭಾಗವೆಲ್ಲ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು. ನಮ್ಮ ಶಾಲೆಯ ಜಾಗವೂ ಅವರದ್ದೇ. ಮಕ್ಕಳ ಗಲಾಟೆ ಜಾಸ್ತಿ ಅಂತ ವರ್ಷಕ್ಕೆರಡು ಸಲ ಬಂದು ಬೈದು ಹೋಗುತ್ತಿದ್ದರು. ನವೆಂಬರಿನಲ್ಲಿ ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು.

“ಏನಮ್ಮ, ಮಕ್ಳಿಗೇನಾದ್ರೂ ಕಾಯ್ಲೆನಾ?”

“ಇಲ್ವಲ್ಲ. ಯಾಕೆ?”

“ಸದ್ದೇ ಇಲ್ಲ. ಮಕ್ಳಿರೋ ಜಾಗದಲ್ಲಿ ಹಿಂಗೆ ಸದ್ದಿಲ್ದೆ ಇರಬಾರ್ದು ಕಣಮ್ಮ. ಸರಿ ಅಲ್ಲ ಅದು.”

ನಾನು ನಕ್ಕು ಒಳಗೆ ಹೋದೆ. ಆಮೇಲೆ ಮೊದಲ ಸಲ ಆ ಮೌನಕ್ಕೆ ಕಿವಿಗೊಟ್ಟೆ. ನೂರಾರು ಮಕ್ಕಳಿರುವ ಕಟ್ಟಡ. ನಲ್ಲಿಯಿಂದ ಡ್ರಮ್ಮಿಗೆ ನೀರು ತೊಟ್ಟಿಕ್ಕುವುದು ಎರಡನೇ ಮಹಡಿಗೆ ಕೇಳಿಸುತ್ತಿತ್ತು.

ಅದೇ ವಾರ ಶಾಲೆಯ ಆಯಾ ಬಂದಳು. ಟಾಯ್ಲೆಟ್ಟು ತೊಳೆಯುವುದು, ಅಂಗಳ ಗುಡಿಸುವುದು ಅವಳ ಕೆಲಸ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, ಬೇರೆ ಯಾರೂ ಇಲ್ಲ ಅಂತ ನೋಡಿಕೊಂಡು ಮಾತಾಡಿದಳು.

“ಮಿಸ್, ಮುಂಚೆ ದಿನಕ್ಕೆ ನಾಕು ಸಲ ನೀರು ಹಾಕ್ತಿದ್ದೆ. ಈಗ ಒಂದು ಸಲಾನೂ ಬೇಕಾಗಲ್ಲ. ಹೆಣ್ಣು ಮಕ್ಳದ್ದಂತೂ ಬೆಳಿಗ್ಗೆ ತೊಳೆದಿದ್ದು ಮಧ್ಯಾಹ್ನಕ್ಕೂ ಒಣಗೇ ಇರತ್ತೆ.”

“ಒಳ್ಳೇದಲ್ವಾ, ನಿಂಗೆ ಕೆಲ್ಸ ಕಮ್ಮಿ,” ಅಂದೆ.

ಅವಳು ನಗಲಿಲ್ಲ. “ಅಷ್ಟು ಮಕ್ಳು ಹೋಗ್ದೆ ಹೆಂಗಿರ್ತವೆ ಮಿಸ್?” ಅಂತ ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ಸಂಜೆ ವ್ಯಾನು ಹತ್ತಲು ಸಾಲಾಗಿ ನಿಂತಿದ್ದ ಮಕ್ಕಳನ್ನು ನೋಡುತ್ತಿದ್ದೆ. ಎಲ್ಲರ ಕೊರಳಲ್ಲೂ ನೀರಿನ ಬಾಟಲಿ. ಮುಕ್ಕಾಲು ಪಾಲು ಬಾಟಲಿಗಳು ಬೆಳಿಗ್ಗೆ ಮನೆಯಿಂದ ಬಂದ ಹಾಗೇ ತುಂಬಿದ್ದವು. ಮಕ್ಕಳು ತಾವೇ ದಾರಿ ಕಂಡುಕೊಂಡಿದ್ದರು. ಕೇಳಿಕೊಂಡು ಹೋಗುವುದಕ್ಕಿಂತ ಕುಡಿಯದೇ ಇರುವುದು ಸುಲಭ. ಅದು ಆ ಹೊತ್ತಿಗೇ ನನಗೆ ಹೊಳೆಯಿತು. ಹೊಳೆದರೂ ಏನೂ ಮಾಡಲಿಲ್ಲ. ಟೆಸ್ಟಿನ ಪೇಪರು ತಿದ್ದುವುದಿತ್ತು.

ನನ್ನ ಏಳನೇ ಕ್ಲಾಸಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗಿ ಇದ್ದಳು. ಅಪ್ಪನಿಗೆ ಯಾವುದೋ ಆಫೀಸಿನಲ್ಲಿ ಕೆಲಸ, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ. ಆ ವರ್ಷವೇ ಊರಿನಿಂದ ಬಂದವರು. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಾನು ಪ್ರಶ್ನೆ ಮುಗಿಸುವ ಮೊದಲೇ ಅವಳ ತುಟಿಯಲ್ಲಿ ಉತ್ತರ ಇರುತ್ತಿತ್ತು.

ಆಗಸ್ಟಿನಲ್ಲಿ ಒಂದು ದಿನ ಅವಳು ಎದ್ದು ನಿಂತು, “ಮಿಸ್, ಒಂದಕ್ಕ ಹೋಗಿ ಬರ್ತೀನ್ರಿ,” ಅಂದಿದ್ದಳು. ಹುಡುಗರು ನಕ್ಕರು. ಹಿಂದಿನ ಬೆಂಚಿನವನೊಬ್ಬ “ಬರ್ತೀನ್ರೀ” ಅಂತ ಎಳೆದ. ನಾನು ಅವನಿಗೆ ಗದರಿ, ಅವಳಿಗೆ “ಕೂತ್ಕೋ, ಈ ಲೆಕ್ಕ ಮುಗೀಲಿ” ಅಂದೆ. ಲೆಕ್ಕ ಮುಗಿದ ಮೇಲೆ ನಾನೂ ಮರೆತೆ. ಅವಳು ಮತ್ತೆ ಏಳಲಿಲ್ಲ. ಆ ವರ್ಷ ಇನ್ಯಾವತ್ತೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಅವಳು ಎರಡು ದಿನ, ಮೂರು ದಿನ ಅಂತ ತಪ್ಪಿಸತೊಡಗಿದಳು. ರಜಾಚೀಟಿಯಲ್ಲಿ ಜ್ವರ ಅಂತ ಇರುತ್ತಿತ್ತು. ವಾಪಸು ಬಂದಾಗ ಮುಖ ಕಂದಿರುತ್ತಿತ್ತು, ಕಣ್ಣಿನ ಕೆಳಗೆ ಊತ. “ಹುಷಾರಾಗಿದ್ದೀಯಾ?” ಅಂದರೆ “ಹೂಂನ್ರಿ ಮಿಸ್.” ಅಷ್ಟೇ. ಕೂತಲ್ಲಿ ಒಂದು ಕೈ ಸೊಂಟದ ಹಿಂದೆ ಒತ್ತಿಕೊಂಡಿರುತ್ತಿದ್ದಳು. ಬೆಂಚು ಚಿಕ್ಕದಾಯಿತೇನೋ ಅಂದುಕೊಂಡೆ. ಏಳನೇ ಕ್ಲಾಸಿನ ಮಕ್ಕಳು ಬೇಗ ಉದ್ದ ಆಗುತ್ತಾರೆ.

ಸಂಕ್ರಾಂತಿ ಕಳೆದ ಮಾರನೇ ವಾರ, ಹನ್ನೊಂದೂ ಕಾಲಿಗೆ, ಅವಳನ್ನು ಬೋರ್ಡಿಗೆ ಕರೆದೆ. ಬಂದಳು. ಸೀಮೆಸುಣ್ಣ ಹಿಡಿದಳು. ಕೈ ನಡುಗುತ್ತಿತ್ತು, ಬರೆದ ಏಳು ಒಂದರ ಹಾಗೆ ಕಾಣುತ್ತಿತ್ತು. “ನೆಟ್ಟಗೆ ಬರಿ,” ಅಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ಹಲ್ಲು ಕಟಕಟ ಅನ್ನುತ್ತಿದ್ದವು. ಬಿಸಿಲು ಕಿಟಕಿಯಿಂದ ಅವಳ ಮೇಲೇ ಬೀಳುತ್ತಿದ್ದರೂ ಅವಳು ಚಳಿಯಿಂದ ನಡುಗುತ್ತಿದ್ದಳು. ಹಣೆ ಮುಟ್ಟಿದೆ, ಸುಡುತ್ತಿತ್ತು. ಅಲ್ಲೇ ವಾಂತಿ ಮಾಡಿಕೊಂಡು ನನ್ನ ತೋಳಿನ ಮೇಲೆ ಕುಸಿದಳು.

ಕ್ಲಾಸಿನಲ್ಲಿ ಒಬ್ಬರೂ ಕೂಗಲಿಲ್ಲ. ನಲವತ್ತು ಮಕ್ಕಳು ಕೂತಲ್ಲೇ ಕೂತು ನೋಡುತ್ತಿದ್ದರು. ಎದ್ದು ಬರಬಹುದು ಅನ್ನುವುದೇ ಅವರಿಗೆ ಮರೆತುಹೋದ ಹಾಗಿತ್ತು.

ಆಟೋದಲ್ಲಿ ನಾನು ಮತ್ತು ಹೆಡ್ ಮೇಡಂ ಅವಳನ್ನು ಜಯನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವಳ ಅಮ್ಮ ಅಲ್ಲಿಗೇ ಬಂದರು. ಮೂತ್ರದ ಸೋಂಕು ಮೂತ್ರಪಿಂಡದವರೆಗೆ ಏರಿದೆ, ಈಚಿನ ದಿನಗಳ ಜ್ವರವೆಲ್ಲ ಇದೇ ಇರಬೇಕು ಅಂದರು ಡಾಕ್ಟರು. ಅಮ್ಮನನ್ನು ಕೇಳಿದರು, “ನೀರು ಸರಿಯಾಗಿ ಕುಡೀತಾಳಾ?”

“ಮನಿಯಾಗ ಸಂಜಿಗೆ ಕುಡೀತಾಳ್ರಿ. ಮುಂಜಾನೆ ಒಂದ್ ಗುಟುಕೂ ಬ್ಯಾಡಂತಾಳ್ರಿ.”

ಡಾಕ್ಟರು ನಮ್ಮ ಕಡೆ ತಿರುಗಿದರು. “ಸ್ಕೂಲಲ್ಲಿ ಬೆಳಿಗ್ಗೆ ಬ್ರೇಕ್ ಇದೆಯಾ? ಎಷ್ಟು ಹೊತ್ತು?”

ಹೆಡ್ ಮೇಡಂ ನನ್ನ ಪಕ್ಕದಲ್ಲೇ ಇದ್ದರು. ನಾನು ಹೇಳಿದೆ, “ಇದೆ ಡಾಕ್ಟರ್. ಇಪ್ಪತ್ತು ನಿಮಿಷ.”

ಅವರು ಬರೆದುಕೊಂಡರು. ಅವಳ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

ಮಾರನೇ ಮಧ್ಯಾಹ್ನ ಅರ್ಧ ದಿನ ರಜ ಹಾಕಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಹುಡುಗಿ ನಿದ್ದೆಯಲ್ಲಿದ್ದಳು, ಕೈಗೆ ಡ್ರಿಪ್ಪು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವಳ ಅಮ್ಮನ ಪಕ್ಕ ಕೂತು, “ನಿನ್ನೆ ನಾನು ಸುಳ್ಳು ಹೇಳಿದೆ,” ಅಂದೆ. ಬಿಡುವು ಇಲ್ಲದ್ದು, ಅದನ್ನು ಮೊದಲು ಸೂಚಿಸಿದವಳು ನಾನು ಅನ್ನುವುದು, ಅವಳು ಕೇಳಿದ ದಿನ ನಾನು ಕೂರಿಸಿದ್ದು, ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

“ನನಗ ಗೊತ್ತದರಿ,” ಅಂದರು ಅವರು. “ಸಾಲಿಗೆ ಬಂದು ಹೇಳ್ಬೇಕಂತ ಎರಡು ಸಲ ಸೀರಿ ಉಟ್ಕೊಂಡು ನಿಂತೆ. ಆಕಿನೇ ಬಿಡಲಿಲ್ಲ. ನಮ್ಮ ಗಣಿತದ ಮಿಸ್ಸಿಗೆ ನಾ ಅಂದ್ರ ಭಾಳ ಪ್ರೀತಿ, ನೀ ಬಂದು ಕೆಡಿಸ್ಬ್ಯಾಡ ಅಂದ್ಳು.”

ನನಗೆ ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಎದ್ದು ಹೋಗಿ ಡಾಕ್ಟರಿಗೂ ನಿಜ ಹೇಳಿದೆ. ಅವರು ಹಳೆಯ ಸಾಲನ್ನು ಹೊಡೆದು ಹಾಕಿ ಬೇರೆ ಬರೆದರು. “ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ,” ಅಂದರು, “ಆದ್ರೆ ಇನ್ನೆಷ್ಟು ಮಕ್ಳು ಹಿಂಗೇ ಇದಾರೋ ನೋಡಿ.”

ಅಲ್ಲಿಂದ ಸೀದಾ ಹೆಡ್ ಮೇಡಂ ರೂಮಿಗೆ. ಬಿಡುವು ವಾಪಸು ಕೊಡಬೇಕು, ಇಲ್ಲದಿದ್ದರೆ ನಾನು ಕ್ಲಾಸು ತೆಗೆದುಕೊಳ್ಳುವುದಿಲ್ಲ ಅಂದೆ. ಅವರು ಬಹಳ ಹೊತ್ತು ಪೇಪರ್‌ವೆಯ್ಟು ತಿರುಗಿಸುತ್ತಾ ಕೂತರು.

“ತೆಗೆಯೋಣ ಅಂದಿದ್ದೂ ನೀವೇ ಅಲ್ವಾ?” ಅಂದರು. ಧ್ವನಿಯಲ್ಲಿ ಕೋಪ ಇರಲಿಲ್ಲ, ಸುಸ್ತು ಇತ್ತು. “ಪರೀಕ್ಷೆಗೆ ಎರಡು ತಿಂಗಳಿದೆ.”

“ಹೌದು ಮೇಡಂ. ಅಂದಿದ್ದೂ ನಾನೇ.”

ಸೋಮವಾರದಿಂದ ಬಿಡುವು ಅಂತ ನೋಟೀಸು ಬಂತು. ಆ ಸೋಮವಾರ ಹನ್ನೊಂದಕ್ಕೆ ಆಯಾ ಗಂಟೆ ಹೊಡೆದಳು. ನಾನು ಪುಸ್ತಕ ಮುಚ್ಚಿದೆ. ಮಕ್ಕಳು ಏಳಲಿಲ್ಲ. ಕೈ ಕಟ್ಟಿಕೊಂಡು, ಮುಂದಿನ ಲೆಕ್ಕಕ್ಕೆ ಕಾಯುತ್ತಾ ಕೂತಿದ್ದರು. “ಹೋಗಿ, ಆಟ ಆಡಿ,” ಅಂದೆ. ಒಬ್ಬರನ್ನೊಬ್ಬರು ನೋಡಿಕೊಂಡರು. ಮುಂದಿನ ಬೆಂಚಿನ ಹುಡುಗನೊಬ್ಬ, “ಏನಾಡ್ಬೇಕು ಮಿಸ್?” ಅಂತ ಕೇಳಿದ. ಅವರನ್ನು ಸಾಲು ಮಾಡಿ ಅಂಗಳಕ್ಕೆ ಕರೆದುಕೊಂಡು ಹೋದೆ. ಬೇರೆ ಕ್ಲಾಸಿನವರೂ ಹಾಗೇ ಸಾಲಾಗಿ ಇಳಿದು ಬಂದರು. ಗೋಡೆಗೆ ಬೆನ್ನು ಹಚ್ಚಿ ಬಿಸಿಲಿನಲ್ಲಿ ನಿಂತರು. ಗಲಾಟೆ ಶುರುವಾಗಲು ಹದಿನೈದು ದಿನ ಹಿಡಿಯಿತು.

ಆ ಹುಡುಗಿ ಪರೀಕ್ಷೆ ಬರೆದು ಪಾಸಾದಳು. ಒಂದು ಮೂತ್ರಪಿಂಡದಲ್ಲಿ ಕಲೆ ಉಳಿದಿದೆ, ವರ್ಷವರ್ಷವೂ ತೋರಿಸುತ್ತಿರಬೇಕು ಅಂತ ಆಮೇಲೆ ಗೊತ್ತಾಯಿತು. ಕೆಲವು ವರ್ಷಗಳ ಮೇಲೆ ಜಯನಗರ ಫೋರ್ತ್ ಬ್ಲಾಕಿನ ಬಸ್ ಸ್ಟ್ಯಾಂಡಿನಲ್ಲಿ ಅವಳ ಅಮ್ಮ ಸಿಕ್ಕಿದ್ದರು. ಮಗಳು ಕಾಲೇಜು ಸೇರಿದ್ದಾಳೆ ಅಂದರು. ಆರೋಗ್ಯ ಕೇಳಿದೆ. “ಬಿ.ಪಿ. ಗುಳಿಗಿ ತಗೋತಾಳ್ರಿ,” ಅಂದರು. ಹದಿನೆಂಟು ತುಂಬದ ಹುಡುಗಿ. ಬಸ್ಸು ಬಂತು, ಅವರು ಹತ್ತಿಕೊಂಡರು.

ಎರಡು ಸಾವಿರದ ಆರೋ ಏಳೋ ಇರಬೇಕು. ಆಗ ನಾನು ಬನಶಂಕರಿಯ ಇನ್ನೊಂದು ಶಾಲೆಯಲ್ಲಿದ್ದೆ, ಟೈಮ್‌ಟೇಬಲ್ ಹಾಕುವ ಕೆಲಸ ನನ್ನದು. ನಾಲ್ಕನೇ ಕ್ಲಾಸಿನ ಮಗುವಿನ ತಂದೆಯೊಬ್ಬರು ಬಂದರು. ಸೌಮ್ಯ ಮನುಷ್ಯ.

“ಮೇಡಂ, ಬೆಳಿಗ್ಗೆ ಬ್ರೇಕಲ್ಲಿ ಮಕ್ಳಿಗೆ ಏನಾದ್ರೂ ಕೋಚಿಂಗ್ ಇಟ್ರೆ ಹೆಂಗೆ? ಸುಮ್ನೆ ಓಡಾಡ್ಕೊಂಡಿರ್ತಾರೆ.”

ನಾನು ಅವರನ್ನು ಕೂರಿಸಿ ಇಷ್ಟೂ ಕತೆ ಹೇಳಿದೆ. ಬಿಡುವಿನಲ್ಲಿ ಮಕ್ಕಳು ಏನೂ ಕಲಿಯದಿದ್ದರೂ ಪರವಾಗಿಲ್ಲ, ಯಾರ ಅಪ್ಪಣೆಯೂ ಕೇಳದೆ ಎದ್ದು ಹೋಗುವುದು ಗೊತ್ತಿದ್ದರೆ ಸಾಕು ಅಂದೆ. ಅವರು ಗಮನವಿಟ್ಟು ಕೇಳಿದರು. ನಡುವೆ ಒಮ್ಮೆ “ಅಯ್ಯೋ ಪಾಪ” ಅಂದರು. ಮುಗಿದ ಮೇಲೆ ಕೇಳಿದರು.

“ಅದು ಸರಿ ಮೇಡಂ. ಆದ್ರೆ ಆ ವರ್ಷ ರಿಸಲ್ಟ್ ಹೆಂಗ್ ಬಂತು?”

ರಿಸಲ್ಟ್ ಚೆನ್ನಾಗಿ ಬಂದಿತ್ತು. ಆ ಶಾಲೆ ಅಲ್ಲಿಯವರೆಗೆ ಕಂಡದ್ದರಲ್ಲೇ ಚೆನ್ನಾಗಿ. ಸುಳ್ಳು ಹೇಳಬಾರದು ಅಂತ ಇದ್ದದ್ದನ್ನೇ ಹೇಳಿದೆ. ಅವರು ತಲೆದೂಗಿ, ಥ್ಯಾಂಕ್ಸ್ ಹೇಳಿ ಎದ್ದರು. ಜೂನ್‌ನಲ್ಲಿ ಆ ಮಗು ನಮ್ಮ ಶಾಲೆಗೆ ಬರಲಿಲ್ಲ. ಅದೇ ಕ್ಲಾಸಿನ ಇನ್ನೂ ಐದು ಮಕ್ಕಳೂ ಟಿ.ಸಿ. ತೆಗೆದುಕೊಂಡಿದ್ದರು.